ಬಸಿರು ನಿಲ್ಲುವ ಮೊದಲೇ ಬೇಕು ಫೋಲಿಕ್ ಆಮ್ಲ



ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಯಾವ ತಾಲ್ಲೂಕಿಗೆ ಹೋದರೂ ಸೊಸೆ ಬಸುರಿ ಅಂತ ಗೊತ್ತಾದ ಮೇಲೇನೇ ಆರೈಕೆ ಶುರು. ಕೆಲವು ಮನೆಗಳಲ್ಲಂತೂ ದೃಷ್ಟಿ ಆಗುತ್ತೆ ಅಂತ ಮೂರು ತಿಂಗಳು ತುಂಬುವವರೆಗೆ ಆಶಾ ಕಾರ್ಯಕರ್ತೆಗೂ ಹೇಳುವುದಿಲ್ಲ. ಅಷ್ಟರಲ್ಲಿ ಒಂದು ಮುಖ್ಯ ಕೆಲಸದ ಹೊತ್ತು ಮೀರಿ ಹೋಗಿರುತ್ತದೆ.

ಗರ್ಭ ಕಟ್ಟಿದ ಸುಮಾರು 28 ದಿನದೊಳಗೆ ಮಗುವಿನ ಮೆದುಳು ಮತ್ತು ಬೆನ್ನುಹುರಿಯ ಬುನಾದಿ ಮುಗಿಯುತ್ತದೆ. ಅಗಲವಾದ ಪಟ್ಟಿಯೊಂದು ಮಡಚಿ, ಅಂಚಿಗೆ ಅಂಚು ಕೂಡಿ, ಕೊಳವೆಯಾಗಿ ಮುಚ್ಚಿಕೊಳ್ಳಬೇಕು. ಲೆಕ್ಕ ಹಾಕಿ ನೋಡಿ: ಮುಟ್ಟು ತಪ್ಪಿ ಎರಡು ವಾರ ಆಗುವಷ್ಟರಲ್ಲಿ ಇದೆಲ್ಲ ಮುಗಿದಿರುತ್ತದೆ. ಕೊಳವೆಯ ಮೇಲ್ತುದಿ ತೆರೆದೇ ಉಳಿದರೆ ತಲೆಬುರುಡೆ, ಮೆದುಳು ಸರಿಯಾಗಿ ಬೆಳೆಯದೆ ಮಗು ಉಳಿಯುವುದಿಲ್ಲ. ಕೆಳಗೆ ತೆರೆದುಕೊಂಡರೆ ಬೆನ್ನಿನಲ್ಲಿ ಗಂಟಿನಂತೆ ಕಂಡು, ಕಾಲುಗಳಿಗೆ ಬಲವಿಲ್ಲದೆ, ಮೂತ್ರದ ಹಿಡಿತ ಇಲ್ಲದೆ ಮಗು ನರಳಬಹುದು. ಇಂಥ ಮಗು ಹುಟ್ಟಿದಾಗ 'ಗ್ರಹಣದ ದಿನ ಹೊರಗೆ ಬಂದಳು' ಅಂತ ತಾಯಿಯನ್ನೇ ದೂರುತ್ತಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಫೋಲಿಕ್ ಆಮ್ಲದ ಕೊರತೆ ಒಂದು ದೊಡ್ಡ ಕಾರಣ. ಅದೊಂದೇ ಅಲ್ಲ, ಹಾಗಾಗಿ ಎಲ್ಲ ಎಚ್ಚರ ವಹಿಸಿದ ತಾಯಿಗೂ ಹೀಗಾಗಬಹುದು. ಅವಳನ್ನು ಅನ್ನಬೇಡಿ.

ಈ ಸತ್ವದ ಜಾಡು ಸಿಕ್ಕಿದ್ದು ನಮ್ಮ ದೇಶದಲ್ಲೇ. 1928ರಲ್ಲಿ ಮುಂಬೈಗೆ ಬಂದ ಬ್ರಿಟಿಷ್ ವೈದ್ಯೆ ಲೂಸಿ ವಿಲ್ಸ್, ಬಟ್ಟೆ ಗಿರಣಿಯ ಬಡ ಬಸುರಿಯರ ರಕ್ತಹೀನತೆ ಯೀಸ್ಟ್ ಸಾರದಿಂದ ಗುಣವಾಗುವುದನ್ನು ಕಂಡುಕೊಂಡರು. 1941ರಲ್ಲಿ ಪಾಲಕ್ ಸೊಪ್ಪಿನಿಂದ ಅದನ್ನು ಬೇರ್ಪಡಿಸಲಾಯಿತು. ಹೆಸರೂ ಎಲೆ ಎಂಬ ಲ್ಯಾಟಿನ್ ಪದದಿಂದಲೇ ಬಂದಿದೆ. ಒಮ್ಮೆ ಇಂಥ ಮಗು ಹೆತ್ತಿದ್ದ ತಾಯಂದಿರಿಗೆ ಮುಂಚಿತವಾಗಿ ಮಾತ್ರೆ ಕೊಟ್ಟಾಗ, ಮತ್ತೆ ಹಾಗಾಗುವುದು ನೂರಕ್ಕೆ 72ರಷ್ಟು ತಗ್ಗಿತೆಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಹಾಗಾದರೆ ಎಷ್ಟು, ಯಾವಾಗ? ಮಗು ಬೇಕು ಅಂದುಕೊಂಡಾಗಿನಿಂದಲೇ, ಕಡಿಮೆ ಅಂದರೂ ಒಂದು ತಿಂಗಳು ಮೊದಲು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆ ಒಂದು. ಮೂರು ತಿಂಗಳು ತುಂಬುವವರೆಗೆ ಬಿಡಬಾರದು. ನಾಲ್ಕನೇ ತಿಂಗಳಿನಿಂದ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲ ಎರಡೂ ಇರುವ ಕೆಂಪು ಮಾತ್ರೆ, ದಿನಕ್ಕೊಂದರಂತೆ 180 ದಿನ. ಹೆರಿಗೆಯಾದ ಮೇಲೂ 180 ದಿನ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ ಪಡೆಯಿರಿ. ಹಿಂದೆ ಇಂಥ ಮಗು ಹುಟ್ಟಿದ್ದರೆ, ಅಥವಾ ಮೂರ್ಛೆರೋಗದ ಮಾತ್ರೆ ನುಂಗುತ್ತಿದ್ದರೆ, ಸುಮಾರು ಹತ್ತು ಪಟ್ಟು ಹೆಚ್ಚು ಬೇಕಾಗಬಹುದು. ಅದನ್ನು ಡಾಕ್ಟರೇ ಹೇಳಬೇಕು. ಮೂರ್ಛೆಯ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ.

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತೆ ಅನ್ನೋ ಮಾತು ಸುಳ್ಳು. ಕಪ್ಪಾಗುವುದು ಮಲ ಮಾತ್ರ, ಕಬ್ಬಿಣಾಂಶದಿಂದ, ಹೆದರಬೇಡಿ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ನುಂಗಿ. ಕೆಂಪು ಮಾತ್ರೆಯ ಜೊತೆ ಟೀ ಬೇಡ, ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ.

ಊಟದ ವಿಚಾರಕ್ಕೆ ನಾವು ಬಡವರಲ್ಲ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಸಿಗುವ ಬೆರಕೆ ಸೊಪ್ಪು, ಹಿತ್ತಲ ನುಗ್ಗೆ, ಹರಿವೆ, ಮೆಂತ್ಯ, ಹೆಸರುಕಾಳು, ಅಲಸಂದೆ, ಕಡಲೆ, ಶೇಂಗಾ, ಎಲ್ಲದರಲ್ಲೂ ಈ ಸತ್ವ ಇದೆ. ಜಗಳೂರಿನಂಥ ಒಣ ಸೀಮೆಯಲ್ಲಿ ಬೇಸಿಗೆಗೆ ಸೊಪ್ಪು ಸಿಗದಿದ್ದರೆ ಕಾಳು ಹೆಚ್ಚು ಬಳಸಿ. ಇದು ನೀರಿನಲ್ಲಿ ಕರಗುವ ಸತ್ವ. ಸೊಪ್ಪನ್ನು ಹೆಚ್ಚುವ ಮೊದಲು ತೊಳೆಯಿರಿ, ಬಹಳ ಹೊತ್ತು ಕುದಿಸಬೇಡಿ, ಬಸಿದ ಕಟ್ಟನ್ನು ಚೆಲ್ಲಬೇಡಿ. ಬಸ್ಸಾರು ಮಾಡುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ! ಆದರೂ ಬೇಯಿಸುವಾಗ ಸ್ವಲ್ಪ ನಷ್ಟವಾಗುವುದರಿಂದ, ಸೊಪ್ಪು ತಿಂತೀನಿ ಅಂತ ಮಾತ್ರೆ ಬಿಡುವ ಹಾಗಿಲ್ಲ.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಪುಸ್ತಕ ಬರೆದಾದ ಮೇಲೆ ಹತ್ತು ನಿಮಿಷ ಇದಕ್ಕಿಡಿ. ಈ ವರ್ಷ ಮದುವೆಯಾಗಿ ಬಂದ ಸೊಸೆಯಂದಿರು, ಎರಡನೇ ಮಗುವಿನ ಯೋಚನೆಯಲ್ಲಿರುವವರು ಯಾರಿದ್ದಾರೆ ನೋಡಿ, ಅವರನ್ನು ಅತ್ತೆಯರ ಜೊತೆಗೇ ಕರೆಯಿರಿ. ಮಾತ್ರೆ ತಂದು ಟ್ರಂಕಿನಲ್ಲಿಟ್ಟವರಿದ್ದರೆ, ದಿನಾಂಕ ಮುಗಿದಿಲ್ಲವೇ ಅಂತ ನೋಡಿ, ಆಶಾ ಕಾರ್ಯಕರ್ತೆಯನ್ನು ಕೇಳಿ ಅವತ್ತಿನಿಂದಲೇ ಶುರು ಮಾಡಿಸಿ.