ಹಬ್ಬ ಬಂದ ಮೇಲೆ ಡಬ್ಬ ಹುಡುಕಬೇಡಿ

ಕೆಲವು ವರ್ಷಗಳ ಹಿಂದೆ ಚಿತ್ರೀಕರಣಕ್ಕೆಂದು ಹನೂರು ಕಡೆಗೆ ಹೋಗಿದ್ದಾಗ ಕಂಡ ದೃಶ್ಯವೊಂದು ಇನ್ನೂ ಮನಸ್ಸಿನಲ್ಲಿದೆ. ದೀಪಾವಳಿ ಮುಗಿದು ನಾಲ್ಕನೆಯ ದಿನ. ಮಹಿಳಾ ಸಂಘವೊಂದರ ಕೊಠಡಿಯಲ್ಲಿ ಸೂರಿನ ತನಕ ಬಣ್ಣದ ರಟ್ಟಿನ ಡಬ್ಬಗಳು. ಒಂದೊಂದರ ಮೇಲೂ ಹಣತೆಯ ಚಿತ್ರ, ಹಬ್ಬದ ಶುಭಾಶಯ. ಅವು ಮುದ್ರಣವಾಗಿ ಬಂದದ್ದು ಹಬ್ಬದ ಮಾರನೆಯ ದಿನ! "ಸಾಮಾನ ಚೆನ್ನಾಗೇ ಮಾಡಿದ್ವಿ ಸಾ, ತುಂಬಕೆ ಡಬ್ಬನೇ ಇರ್ನಿಲ್ಲ. ಸಾಲದ ಕಂತು ಮಾತ್ರ ಸರಿಯಾಗಿ ಬಂತು" ಎಂದರು ಸಂಘದ ಹಿರಿಯರೊಬ್ಬರು.

ವಿಚಾರಿಸಿದಾಗ ತಿಳಿದ ಸಂಗತಿ ಇಷ್ಟು. ಹಿಂದಿನ ವರ್ಷದ ಹಬ್ಬದ ತಾರೀಕನ್ನೇ ಲೆಕ್ಕ ಹಿಡಿದು ಅವರು ಡಬ್ಬಕ್ಕೆ ಹೇಳಿದ್ದರು. ಆ ವರ್ಷ ಹಬ್ಬ ಹನ್ನೊಂದು ದಿನ ಮೊದಲೇ ಬಂದಿತ್ತು.

ಓದುಗರೇ, ಇದು ಆ ಸಂಘವೊಂದರ ಕಥೆಯಲ್ಲ. ಕೊಳ್ಳೇಗಾಲದ ರೇಷ್ಮೆ ಸೀರೆ, ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಜೇನು, ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಜಾತ್ರೆಗೆ ಹೋಗುವ ತಿಂಡಿ, ಹೀಗೆ ಹಬ್ಬವನ್ನು ನಂಬಿದ ವ್ಯಾಪಾರಗಳಿಗೆಲ್ಲ ಈ ಮಾತು ಅನ್ವಯಿಸುತ್ತದೆ.

ಮೊದಲು ಪಂಚಾಂಗದ ಲೆಕ್ಕ ನೋಡೋಣ. ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನ. ಸೌರವರ್ಷಕ್ಕಿಂತ ಇದು ಹನ್ನೊಂದು ದಿನ ಕಡಿಮೆ. ಆದ್ದರಿಂದ ಹಬ್ಬಗಳು ವರ್ಷ ವರ್ಷ ಹಿಂದೆ ಸರಿಯುತ್ತವೆ. ಸುಮಾರು ಮೂವತ್ತೆರಡು ತಿಂಗಳಿಗೊಮ್ಮೆ ಅಧಿಕಮಾಸ ಬಂದು ಅವನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ನರಕ ಚತುರ್ದಶಿ 2024ರಲ್ಲಿ ಅಕ್ಟೋಬರ್ 31ಕ್ಕೆ ಬಂದರೆ 2025ರಲ್ಲಿ ಅಕ್ಟೋಬರ್ 20ಕ್ಕೆ ಬಂತು. ಅಧಿಕ ಜ್ಯೇಷ್ಠ ಇರುವ 2026ರಲ್ಲಿ ಅದು ನವೆಂಬರ್ 8ಕ್ಕೆ. ಹೀಗಿರುವಾಗ ಹಳೆಯ ಕ್ಯಾಲೆಂಡರನ್ನು ನೆಚ್ಚಿಕೊಂಡರೆ ಫಲವೇನು?

ಎರಡನೆಯದಾಗಿ, ಪ್ರತಿಯೊಂದು ಸರಕಿಗೂ ಅದರದೇ ಕಾಲವಿದೆ.

ಬೆಟ್ಟದ ಸೋಲಿಗರು ಹೆಜ್ಜೇನು ತೆಗೆಯುವುದು ಬೇಸಿಗೆಯ ಕೊನೆಯಲ್ಲಿ, ಮಳೆ ಹಿಡಿಯುವ ಮುನ್ನ. ಈ ಜೇನಿನಲ್ಲಿ ನೀರಿನ ಅಂಶ ಹೆಚ್ಚಾಗಿರುವುದುಂಟು. ಆಹಾರ ಸುರಕ್ಷತಾ ನಿಯಮದಂತೆ ಜೇನುತುಪ್ಪದಲ್ಲಿ ತೇವಾಂಶ ಶೇಕಡಾ 20ನ್ನು ಮೀರಬಾರದು. ಮೀರಿದರೆ ಅದರಲ್ಲಿರುವ ಯೀಸ್ಟ್ ಚುರುಕಾಗಿ ತುಪ್ಪ ಹುಳಿಯುತ್ತದೆ, ಅನಿಲ ತುಂಬಿ ಮುಚ್ಚಳ ಉಬ್ಬುತ್ತದೆ. ಸಾಲದ್ದಕ್ಕೆ, ತೆರೆದಿಟ್ಟ ಜೇನು ಮಳೆಗಾಲದ ಗಾಳಿಯಿಂದಲೂ ನೀರನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಒಣಗಿದ ಬಾಟಲಿ, ಬಿಗಿಯಾದ ಮುಚ್ಚಳ ಎರಡೂ ಜೇನು ಇಳಿಯುವ ಮೊದಲೇ ಕೈಯಲ್ಲಿರಬೇಕು. ಅವುಗಳಿಗೆ ಹೇಳಬೇಕಾದದ್ದು ದಸರೆಗಲ್ಲ, ಯುಗಾದಿಗೆ.

ರೇಷ್ಮೆಯ ವಿಷಯ ಬೇರೆ. 1956ರವರೆಗೆ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಗಲೂ ಅದು ರೇಷ್ಮೆಗೆ ಹೆಸರಾದ ಊರು. ಸೀರೆ ಕೆಡುವುದಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಬೆಳ್ಳಿಯ ಜರಿ ಗಂಧಕದ ಅಂಶಕ್ಕೆ ಕಪ್ಪಾಗುತ್ತದೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿಟ್ಟರೆ ಒಳಗೆ ಸಿಕ್ಕ ತೇವದಿಂದ ಬೂಷ್ಟು ಹಿಡಿಯುತ್ತದೆ. ಸೀರೆಗೆ ಬಿಳಿ ಹತ್ತಿಬಟ್ಟೆ ಸುತ್ತಿ ಡಬ್ಬದಲ್ಲಿಡುವುದು ಕ್ಷೇಮ. ಆ ಬಟ್ಟೆಯ ಅಳತೆ, ಡಬ್ಬದ ಅಳತೆ ಒಟ್ಟಿಗೇ ನಿಶ್ಚಯವಾಗಬೇಕು.

ಇನ್ನು ತಿಂಡಿ. ಮಹದೇಶ್ವರ ಬೆಟ್ಟದಲ್ಲಿ ಮಹಾಲಯ ಅಮಾವಾಸ್ಯೆ, ದೀಪಾವಳಿ, ಶಿವರಾತ್ರಿ, ಯುಗಾದಿ ಜಾತ್ರೆಗಳಿಗೆ ಜನಸಾಗರವೇ ಸೇರುತ್ತದೆ. ಇಲ್ಲಿ ಲೆಕ್ಕ ತಲೆಕೆಳಗು: ತಿಂಡಿ ಆದಷ್ಟು ತಡವಾಗಿ ತಯಾರಾಗಬೇಕು, ಡಬ್ಬ ಆದಷ್ಟು ಬೇಗ ಬಂದಿರಬೇಕು. ಬೇಗ ಬಂದ ರಟ್ಟನ್ನು ನೆಲಕ್ಕೆ, ಗೋಡೆಗೆ ತಾಗಿಸಬೇಡಿ. ಮರದ ಹಲಗೆಯ ಮೇಲಿಡಿ. ತೇವ ಹೀರಿದ ರಟ್ಟು ಭಾರ ತಡೆಯದೆ ಕುಸಿಯುತ್ತದೆ.

ಹಾಗಾದರೆ ಯಾವಾಗ ಏನು ಮಾಡಬೇಕು? ತಾರೀಕಿನ ಬದಲು ಮಾಸಗಳನ್ನೇ ಹಿಡಿಯಿರಿ. ದೀಪಾವಳಿಗಾದರೆ, ಚೈತ್ರದಲ್ಲಿ ಹಿಂದಿನ ವರ್ಷದ ಮಾರಾಟ ನೋಡಿ ಸಂಖ್ಯೆ ನಿಶ್ಚಯಿಸಿ. ಜ್ಯೇಷ್ಠದಲ್ಲಿ ಅಳತೆ, ಚಿತ್ರ, ಅಕ್ಷರ ಸಿದ್ಧಪಡಿಸಿ. ಆಷಾಢದಲ್ಲಿ ಮುದ್ರಣಕ್ಕೆ ಕೊಡಿ. ಆ ತಿಂಗಳು ಮದುವೆಗಳಿಲ್ಲದೆ ಲಗ್ನಪತ್ರಿಕೆಯ ಕೆಲಸವೂ ಕಡಿಮೆ. ಮುದ್ರಕರಿಗೆ ನಿಮ್ಮ ಮಾತು ಕೇಳಲು ಪುರುಸೊತ್ತಿರುತ್ತದೆ. ಶ್ರಾವಣದಲ್ಲಿ ಡಬ್ಬ ಬರಲಿ. ಭಾದ್ರಪದದಲ್ಲಿ ಹತ್ತಾರು ಡಬ್ಬ ತುಂಬಿ ಬಸ್ಸಿನಲ್ಲಿ ಕಳಿಸಿ ನೋಡಿ. ಆಶ್ವಯುಜದ ಆರಂಭದಲ್ಲಿ ಸರಕು ಅಂಗಡಿಗೆ ಸೇರಲಿ. ಈ ಪಟ್ಟಿಯ ಸೊಗಸೆಂದರೆ, ಹಬ್ಬ ಸರಿದಂತೆ ಪಟ್ಟಿಯೂ ತಾನೇ ಸರಿಯುತ್ತದೆ.

ಹಣದ ಮಾತಿಗೆ ಬರೋಣ. ಮುದ್ರಣದ ಪ್ಲೇಟಿಗೆ ಮೂರು ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಐನೂರು ಡಬ್ಬವಾದರೆ ಒಂದಕ್ಕೆ ಆರು ರೂಪಾಯಿ, ಐದು ಸಾವಿರವಾದರೆ ಅರವತ್ತು ಪೈಸೆ. ಹಾಗೆಂದು ಹಣತೆಯ ಚಿತ್ರವಿರುವ ಐದು ಸಾವಿರ ಡಬ್ಬ ಮಾಡಿಸಿದರೆ ಉಳಿದದ್ದು ದಂಡ. ಉಪಾಯವಿದೆ. ಡಬ್ಬದ ಮೇಲೆ ನಿಮ್ಮ ಹೆಸರು, ಊರು, ಗುರುತು ಮಾತ್ರ ಇರಲಿ. ಅದು ವರ್ಷವೆಲ್ಲ ನಡೆಯುತ್ತದೆ. ಹಬ್ಬದ ಶುಭಾಶಯವನ್ನು ಡಬ್ಬಕ್ಕೆ ಸುತ್ತುವ ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿಸಿ. ಉಳಿದರೆ ಪಟ್ಟಿ ಉಳಿಯುತ್ತದೆ, ಡಬ್ಬವಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ಪೊಟ್ಟಣ ಸಾಮಗ್ರಿಗಳ ನಿಯಮ 2011ರಂತೆ ತಯಾರಕರ ಹೆಸರು ವಿಳಾಸ, ಸಾಮಗ್ರಿಯ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆ, ದೂರು ಹೇಳಲು ಸಂಪರ್ಕ ಇರಬೇಕು. ತಿಂಡಿಗಾದರೆ ಇವುಗಳ ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಬಳಸಿದ ಪದಾರ್ಥಗಳು, ಸಸ್ಯಾಹಾರದ ಹಸಿರು ಗುರುತು ಮುಂತಾದವು ಸೇರುತ್ತವೆ. ಬೆಲೆ ಮತ್ತು ತಾರೀಕಿಗೆ ಖಾಲಿ ಜಾಗ ಬಿಡಿಸಿ, ತುಂಬುವ ದಿನ ಮೊಹರು ಹಾಕಿ. ಸಿಹಿ ಡಬ್ಬದ ಮೇಲೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನು 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಿಸಲಾಗಿದೆ ಎಂಬುದೂ ನೆನಪಿರಲಿ.

ಆ ಸಂಘದವರು ಕೈಕಟ್ಟಿ ಕೂರಲಿಲ್ಲ. ಹಣತೆಯ ಮೇಲೆ ಬಿಳಿ ಚೀಟಿ ಅಂಟಿಸಿ ಶಿವರಾತ್ರಿ ಜಾತ್ರೆಗೆ ಒಂದಷ್ಟು ಡಬ್ಬ ಸಾಗಿಸಿದರು. ಈಗ ಅವರ ಕೊಠಡಿಯ ಬಾಗಿಲ ಹಿಂದೆ ಹೊಸ ಪಂಚಾಂಗ ತೂಗುತ್ತದೆ. ಅದರ ಆಷಾಢದ ಪುಟದಲ್ಲಿ ಕೆಂಪು ಶಾಯಿಯ ಗುರುತು. ನಿಮ್ಮ ಗೋಡೆಯ ಮೇಲೂ ಅಂಥದೊಂದು ಗುರುತು ಈ ಯುಗಾದಿಗೇ ಬೀಳಲಿ.