ಇಂಗ್ಲಿಷಿನ ಎರಡು ಕಣಜಗಳು

ಇಂಗ್ಲಿಷನ್ನು ಶ್ರದ್ಧೆಯಿಂದ ಕಲಿಯತೊಡಗಿದವರಿಗೆ ಒಂದು ಸೋಜಿಗ ಎದುರಾಗುತ್ತದೆ. ಚಂದ್ರನಿಗೆ ಆ ಭಾಷೆಯಲ್ಲಿ ‘ಮೂನ್’ ಎಂದು ಹೆಸರು. ಚಂದ್ರನಿಗೆ ಸಂಬಂಧಿಸಿದ್ದು ಮಾತ್ರ ‘ಲೂನಾರ್’. ಹಲ್ಲು ‘ಟೂತ್’, ಹಲ್ಲಿನ ವೈದ್ಯ ‘ಡೆಂಟಿಸ್ಟ್’. ನಾಮಪದ ಒಂದು ಕಣಜದ್ದು, ಅದರ ಪರಿವಾರ ಇನ್ನೊಂದು ಕಣಜದ್ದು. ಕನ್ನಡಿಗರಿಗೆ ಇದು ಅಪರಿಚಿತವೇನಲ್ಲ. ನಮಗೂ ನೋಯುವುದು ಹಲ್ಲು. ನಾವು ಹೋಗುವುದು ದಂತವೈದ್ಯರ ಬಳಿಗೆ. ಲ್ಯಾಟಿನ್ನಿನ ‘ಡೆಂಟ್’ ಎಂಬ ಮೂಲವೂ ಸಂಸ್ಕೃತದ ‘ದಂತ’ವೂ ದಾಯಾದಿ ಶಬ್ದಗಳೇ. ನಮಗೆ ಸಂಸ್ಕೃತ ಹೇಗೋ ಇಂಗ್ಲಿಷಿಗೆ ಲ್ಯಾಟಿನ್ ಹಾಗೆ.

ಇಂಗ್ಲಿಷ್ ಹುಟ್ಟಿನಿಂದ ಜರ್ಮಾನಿಕ್ ಬಳಗದ ಭಾಷೆ. ಲ್ಯಾಟಿನ್ ಅದರೊಳಗೆ ಅಲೆ ಅಲೆಯಾಗಿ ಬಂದಿತು. 597ರಲ್ಲಿ ಸಂತ ಅಗಸ್ಟೀನನು ಕೆಂಟ್ ನಾಡಿಗೆ ಬಂದಮೇಲೆ ಚರ್ಚಿನ ಮೂಲಕ. 1066ರಲ್ಲಿ ನಾರ್ಮನ್ನರು ಗೆದ್ದಮೇಲೆ ಲ್ಯಾಟಿನ್ನಿನ ಮಗಳಾದ ಫ್ರೆಂಚಿನ ಮೂಲಕ. ಮುಂದೆ 16ನೆಯ ಶತಮಾನದಲ್ಲಿ ವಿದ್ವಾಂಸರ ಗ್ರಂಥಗಳ ಮೂಲಕ.

ಬಂದದ್ದು ಬಿಡಿಬಿಡಿಯಾದ ಪದಗಳು ಮಾತ್ರವಲ್ಲ; ಪದಗಳನ್ನು ಕಟ್ಟುವ ಒಂದು ಯಂತ್ರವೇ ಬಂದಿತು. ‘ಪೋರ್ಟ್’ ಎಂಬ ಧಾತುವಿಗೆ ಹೊರು, ಒಯ್ಯು ಎಂದು ಅರ್ಥ. ರೈಲು ನಿಲ್ದಾಣದ ಪೋರ್ಟರ್ ಹೊರುವವನು. ಹೊರಗೆ ಒಯ್ದರೆ ‘ಎಕ್ಸ್‌ಪೋರ್ಟ್’, ಒಳಗೆ ತಂದರೆ ‘ಇಂಪೋರ್ಟ್’, ಆಚೆಗೆ ಸಾಗಿಸಿದರೆ ‘ಟ್ರಾನ್ಸ್‌ಪೋರ್ಟ್’, ಸುದ್ದಿಯನ್ನು ಮರಳಿ ಹೊತ್ತು ತಂದರೆ ‘ರಿಪೋರ್ಟ್’. ಸಂಸ್ಕೃತದ ‘ಹೃ’ ಧಾತುವೂ ಒಯ್ಯುವುದನ್ನೇ ಹೇಳುತ್ತದೆ. ಉಪಸರ್ಗಗಳು ಸೇರಿದಾಗ ಅದರಿಂದ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರಗಳು ಹುಟ್ಟಲಿಲ್ಲವೇ? ಸಂಧಿಯ ನಿಯಮವೂ ಅಲ್ಲಿ ಉಂಟು. ‘ಇಂಪಾಸಿಬಲ್’, ‘ಇಲ್ಲೀಗಲ್’, ‘ಇರ್ರೆಗ್ಯುಲರ್’ ಎಂಬಲ್ಲಿ ಮೊದಲಿಗಿರುವುದು ‘ಅಲ್ಲ’ ಎಂಬರ್ಥದ ಒಂದೇ ‘ಇನ್’. ‘ತತ್’ ಮತ್ತು ‘ಲೀನ’ ಸೇರಿ ‘ತಲ್ಲೀನ’ವಾದಂತೆಯೇ ಅದು ಮುಂದಿನ ವ್ಯಂಜನಕ್ಕೆ ಒಗ್ಗಿಕೊಂಡಿದೆ.

ಆದರೆ ಈ ಸಂಪತ್ತಿಗೆ ಬೆಲೆಯನ್ನೂ ತೆರಬೇಕಾಯಿತು. ‘ಮೂನ್’ ಬಲ್ಲ ರೈತನ ಮಗುವಿಗೆ ‘ಲೂನಾರ್’ ತಾನಾಗಿ ತೆರೆದುಕೊಳ್ಳುವುದಿಲ್ಲ. ಪಂಡಿತರ ಮಾತು ಒಂದು ಕಡೆ, ಮನೆಯ ಮಾತು ಇನ್ನೊಂದು ಕಡೆಯಾಯಿತು. 16ನೆಯ ಶತಮಾನದಲ್ಲಿ ಇದರ ವಿರುದ್ಧ ದನಿಯೆದ್ದಿತು. ಇಂಥ ಪದಗಳನ್ನು ಮಸಿಕುಡಿಕೆಯ ಪದಗಳೆಂದು ಹಂಗಿಸಿದರು. 1553ರಲ್ಲಿ ಥಾಮಸ್ ವಿಲ್ಸನ್ ಎಂಬ ವಿದ್ವಾಂಸನು ತನ್ನ ಅಲಂಕಾರಗ್ರಂಥದಲ್ಲಿ ಲ್ಯಾಟಿನ್ ಪದಗಳನ್ನು ತುರುಕಿದ ಒಂದು ಅಣಕುಪತ್ರವನ್ನೇ ಬರೆದನು. 1573ರಲ್ಲಿ ರಾಲ್ಫ್ ಲೀವರ್ ಎಂಬಾತನು ತರ್ಕಶಾಸ್ತ್ರಕ್ಕೆ ‘ವಿಟ್‌ಕ್ರಾಫ್ಟ್’ ಎಂದೂ ‘ಕನ್‌ಕ್ಲೂಷನ್’ಗೆ ‘ಎಂಡ್‌ಸೇ’ ಎಂದೂ ಅಚ್ಚ ಇಂಗ್ಲಿಷ್ ಪದಗಳನ್ನು ಟಂಕಿಸಿದನು. ಈ ಹಟ ನಮಗೆ 13ನೆಯ ಶತಮಾನದ ಆಂಡಯ್ಯನನ್ನು ನೆನಪಿಗೆ ತರುತ್ತದೆ. ತತ್ಸಮಗಳನ್ನು ದೂರವಿಟ್ಟು ‘ಕಬ್ಬಿಗರ ಕಾವ’ವನ್ನು ರಚಿಸಿದ ಕವಿ ಆತ.

ಫಲ ಏನಾಯಿತು? ವಿಲ್ಸನ್ ಅಣಕಿಸಿದ ‘ಕೆಪಾಸಿಟಿ’, ‘ಸೆಲೆಬ್ರೇಟ್’ ಇಂದು ನಮ್ಮ ಪೇಟೆಯ ಮಾತಿನಲ್ಲೂ ಇವೆ. ಅದೇ ಪತ್ರದಲ್ಲಿದ್ದ, ‘ಬೃಹತ್ತಾದ’ ಎಂಬರ್ಥದ ‘ಇಂಜೆಂಟ್’ ಬಳಕೆಯಿಂದ ಅಳಿಯಿತು. ಲೀವರನ ‘ಎಂಡ್‌ಸೇ’ಯೂ ಉಳಿಯಲಿಲ್ಲ. ತೀರ್ಪು ಕೊಟ್ಟದ್ದು ಪಂಡಿತರಲ್ಲ, ಬಳಸಿದ ಜನ. ಕನ್ನಡ ಸಂಸ್ಕೃತ ಪದಗಳ ಬೆರಕೆಯ ಸಮಾಸವನ್ನು ನಮ್ಮ ವೈಯಾಕರಣರು ಅರಿಸಮಾಸವೆಂದು ಕರೆದು ದೋಷವೆಣಿಸಿದರು. ಗ್ರೀಕಿನ ‘ಟೆಲಿ’ಗೆ ಲ್ಯಾಟಿನ್ ಮೂಲದ ‘ವಿಷನ್’ ಸೇರಿದ ‘ಟೆಲಿವಿಷನ್’ ಎಂಬ ಬೆರಕೆಯನ್ನು ಮಾತ್ರ ಲೋಕವೆಲ್ಲ ಒಪ್ಪಿಕೊಂಡಿದೆ.

ಇಂಗ್ಲಿಷಿನ ಪದಪಟ್ಟಿಗಳನ್ನು ಉರುಹೊಡೆಯುವ ನಮ್ಮ ಮಕ್ಕಳಿಗೆ ಹತ್ತಿಪ್ಪತ್ತು ಧಾತುಗಳನ್ನೂ ಉಪಸರ್ಗಗಳನ್ನೂ ಪರಿಚಯಿಸಿದರೆ ನೂರಾರು ಪದಗಳ ಬಾಗಿಲು ತೆರೆಯುತ್ತದೆ. ಧಾತುವನ್ನೇ ಪೂರ್ತಿ ನಂಬುವಂತೆಯೂ ಇಲ್ಲ. ‘ಡಿಸೆಂಬರ್’ ಎಂಬುದರಲ್ಲಿ ಹತ್ತು ಎಂಬ ಎಣಿಕೆ ಇದೆ. ರೋಮನರ ಹಳೆಯ ವರ್ಷ ಮಾರ್ಚಿಯಲ್ಲಿ ಮೊದಲಾಗುತ್ತಿತ್ತು. ತಿಂಗಳು ಹನ್ನೆರಡನೆಯದಾದರೂ ಹೆಸರು ಬದಲಾಗಲಿಲ್ಲ. ಧಾತು ದಾರಿ ತೋರಿಸೀತು. ಊರು ಯಾವುದೆಂದು ಹೇಳಬೇಕಾದದ್ದು ಬಳಕೆಯೇ. ಆಡಳಿತಕ್ಕೆ, ವಿಜ್ಞಾನಕ್ಕೆ ಕನ್ನಡದಲ್ಲಿ ಹೊಸ ಪದಗಳನ್ನು ಕಟ್ಟುವವರಿಗೂ ಈ ಮಾತು ಸಲ್ಲುತ್ತದೆ. ಯಾವ ಕಣಜದಿಂದಲಾದರೂ ತೆಗೆಯಲಿ. ಆಸ್ಪತ್ರೆಯ, ಕಚೇರಿಯ ಬಾಗಿಲಲ್ಲಿ ನಿಂತವನಿಗೆ ಆ ಪದ ಅರ್ಥವಾಗಬೇಕು.