ನೋವಿಲ್ಲದಾಗಲೇ ತಪಾಸಣೆ



ಮಳೆಗಾಲ ಹಿಡಿಯುವ ಮುನ್ನವೇ ಅಡಿಕೆಯ ಕೊನೆಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವುದು ಶಿರಸಿ ಸೀಮೆಯ ತೋಟಿಗರ ವಾಡಿಕೆ. ಕೊಳೆರೋಗ ತಗುಲಿ ಕಾಯಿ ಉದುರತೊಡಗಿದ ಮೇಲೆ ಮದ್ದು ಹೊಡೆದರೆ ಫಲವಿಲ್ಲವೆಂದು ದಾಸನಕೊಪ್ಪದ ರೈತರು ಚೆನ್ನಾಗಿ ಬಲ್ಲರು. ಆದರೆ ತಮ್ಮ ಶರೀರದ ವಿಷಯದಲ್ಲಿ ಈ ವಿವೇಕವನ್ನು ಎಷ್ಟು ಮಂದಿ ತೋರುತ್ತಾರೆ?

30 ವರ್ಷ ದಾಟಿದ ಸ್ತ್ರೀಪುರುಷರಿಗೆ ಬಾಯಿಯ ಕ್ಯಾನ್ಸರ್ ತಪಾಸಣೆ, ಸ್ತ್ರೀಯರಿಗೆ ಸ್ತನ ಹಾಗೂ ಗರ್ಭಕೋಶದ ಕಂಠದ ತಪಾಸಣೆ ಐದು ವರ್ಷಗಳಿಗೊಮ್ಮೆ ನಡೆಯಬೇಕೆಂದು 2016ರಲ್ಲಿ ಕೇಂದ್ರ ಸರ್ಕಾರವು ಕ್ರಮವನ್ನು ರೂಪಿಸಿತು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 30ರಿಂದ 49 ವಯಸ್ಸಿನ ನೂರು ಸ್ತ್ರೀಯರಲ್ಲಿ ಗರ್ಭಕಂಠದ ತಪಾಸಣೆಗೆ ಒಮ್ಮೆಯಾದರೂ ಒಳಗಾದವರು ಇಬ್ಬರೂ ಇಲ್ಲ. ಸ್ತನ ತಪಾಸಣೆಗೆ ಒಳಗಾದವರು ಒಬ್ಬರೂ ಇಲ್ಲ. ಇದಕ್ಕೆ ಕಾರಣವೇನು?

“ನನಗೆ ಯಾವ ನೋವೂ ಇಲ್ಲ”

ಇದೇ ಮೊದಲನೆಯ ತಪ್ಪು ತಿಳಿವಳಿಕೆ. ಕ್ಯಾನ್ಸರ್ ಆರಂಭದಲ್ಲಿ ಸಾಮಾನ್ಯವಾಗಿ ನೋವು ಕೊಡುವುದಿಲ್ಲ. ಗರ್ಭಕಂಠದಲ್ಲಿ ರೋಗಕ್ಕೆ ಮುಂಚಿನ ಬದಲಾವಣೆಗಳು ಅನೇಕ ವರ್ಷಗಳ ಕಾಲ ಸದ್ದಿಲ್ಲದೆ ಇರುತ್ತವೆ. ಆ ಹಂತದಲ್ಲಿ ಗುರುತಿಸಿದರೆ ಸರಳ ಚಿಕಿತ್ಸೆಯಿಂದಲೇ ರೋಗವನ್ನು ತಡೆಯಬಹುದು. ತಪಾಸಣೆಯು ಆರೋಗ್ಯವಾಗಿರುವವರಿಗಾಗಿಯೇ ಇರುವುದು.

“ನಾಚಿಕೆಯಾಗುತ್ತದೆ”

ಇದು ಸಹಜ. ಪರೀಕ್ಷೆಯನ್ನು ಮರೆಯಲ್ಲಿ, ಕೆಲವೇ ನಿಮಿಷಗಳಲ್ಲಿ ಮಾಡುತ್ತಾರೆ. ಗರ್ಭಕಂಠಕ್ಕೆ ವಿನೆಗರ್‌ನಂತಹ ಸೌಮ್ಯ ದ್ರಾವಣವನ್ನು ಲೇಪಿಸಿ, ಬಿಳಿಯ ಮಚ್ಚೆ ಮೂಡುವುದೇ ಎಂದು ನೋಡುತ್ತಾರೆ. ಸ್ತ್ರೀ ಸಿಬ್ಬಂದಿಯೇ ಪರೀಕ್ಷಿಸಲೆಂದು ಕೇಳಲು ಸಂಕೋಚ ಬೇಡ.

“ರೋಗವಿದೆ ಎಂದುಬಿಟ್ಟರೆ?”

ಮಚ್ಚೆ ಕಂಡಿತೆಂದರೆ ಕ್ಯಾನ್ಸರ್ ಎಂದರ್ಥವಲ್ಲ. ಮುಂದಿನ ಪರೀಕ್ಷೆ ಬೇಕೆಂದು ಮಾತ್ರ ಅರ್ಥ. ತಮಿಳುನಾಡಿನ ದಿಂಡಿಗಲ್ ಜಿಲ್ಲೆಯ ಹಳ್ಳಿಗಳ ಸ್ತ್ರೀಯರಲ್ಲಿ ಇದೇ ಸರಳ ಪರೀಕ್ಷೆಯನ್ನು ಒಮ್ಮೆ ನಡೆಸಿ, ಬೇಕಾದವರಿಗೆ ಚಿಕಿತ್ಸೆ ನೀಡಲಾಯಿತು. ಗರ್ಭಕಂಠದ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತೆಂದು 2007ರಲ್ಲಿ ಪ್ರಕಟವಾಯಿತು. ಭಯದಿಂದ ಮನೆಯಲ್ಲಿ ಕುಳಿತರೆ ಕಳೆದುಹೋಗುವುದು ಈ ಅವಕಾಶವೇ.

“ಕೆಲಸ ಬಿಟ್ಟು ಹೋಗುವುದು ಹೇಗೆ?”

ಒಂದು ದಿನದ ಕೂಲಿ, ಬಸ್ಸಿನ ಖರ್ಚು, ಕೊಟ್ಟಿಗೆಯ ಕೆಲಸ, ಮಕ್ಕಳ ಊಟ: ಇವು ನಿಜವಾದ ಅಡಚಣೆಗಳೇ. ಅನೇಕ ಗೃಹಿಣಿಯರು ಇವುಗಳಿಂದಲೇ ಹಿಂದೆ ಸರಿಯುತ್ತಾರೆ. ಇಲ್ಲಿ ಪತಿಯ ಕರ್ತವ್ಯವಿದೆ. “ಹೋಗಿ ಬಾ” ಎಂದರೆ ಸಾಲದು; ಆ ದಿನದ ಮನೆಗೆಲಸವನ್ನು ಹಂಚಿಕೊಳ್ಳಬೇಕು, ಜೊತೆಗೂ ಹೋಗಬೇಕು.

ಪತಿಯೂ ಬಾಯಿ ತೆರೆದು ತೋರಿಸಲಿ. ತಂಬಾಕಿನಂತೆ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ನಿರ್ಣಯಿಸಿದೆ. ಅಡಿಕೆಯೇ ಜೀವನಾಧಾರವಾದ ನಮ್ಮ ಸೀಮೆಗೆ ಈ ಮಾತು ಕಹಿಯೆನಿಸಬಹುದು. ಆದರೆ ಕವಳ ಮೆಲ್ಲುವ ಗಂಡಸರೂ ಹೆಂಗಸರೂ ಇದನ್ನು ಅರಿತಿರಬೇಕು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲಾಗದಿರುವುದು, ಸ್ತನದಲ್ಲಿ ಗಂಟು, ಮುಟ್ಟು ನಿಂತ ಮೇಲೆ ರಕ್ತಸ್ರಾವ: ಇವು ಕಂಡರೆ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಿರಿ.

ಇಂದು ರಾತ್ರಿ ಊಟದ ನಂತರ ದಂಪತಿಗಳಿಬ್ಬರೂ ಕುಳಿತು ಒಂದು ದಿನವನ್ನು ಗೊತ್ತುಮಾಡಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿ, ಆರೋಗ್ಯ ಕೇಂದ್ರದಲ್ಲಿ ತಪಾಸಣೆ ನಡೆಯುವ ದಿನವನ್ನು ತಿಳಿಯಿರಿ. ತೋಟಕ್ಕೆ ಸಕಾಲದಲ್ಲಿ ಮದ್ದು ಹೊಡೆಯುವ ಕೈಗಳು ಸಂಸಾರವನ್ನೂ ಸಕಾಲದಲ್ಲಿ ಕಾಯಲಿ.